ಸ್ವಂತ ಇಷ್ಟದಿಂದ

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಕೂತಿದ್ದರು. ಸೊಸೆ ತನ್ನ ಗಂಡನ ಅಣ್ಣನಿಗೆ ಕಿಡ್ನಿ ಕೊಡುವವಳು. ಅದಕ್ಕೆ ಮೊದಲು ವೈದ್ಯರು ಅವಳೊಬ್ಬಳನ್ನೇ ಒಳಗೆ ಕರೆದು ವಿಚಾರಿಸುತ್ತಾರೆ. ಅತ್ತೆ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು.

“ಯಾಕೆ ಕೊಡ್ತೀಯಮ್ಮ ಅಂತಾರೆ. ಏನಂತೀಯ?”

“ಭಾವನ ಮೇಲಿನ ಪ್ರೀತಿಗೆ. ನನ್ನ ಸ್ವಂತ ಇಷ್ಟದಿಂದ.”

“ಸ್ವಲ್ಪ ನಗ್ತಾ ಹೇಳು. ಸಾವಿನ ಮನೇಲಿ ಕೂತವಳ ಹಾಗೆ ಹೇಳ್ಬೇಡ.”

“ನಮ್ಮ ಯಜಮಾನ್ರು ಯಾಕೆ ಕೊಡಲ್ಲ ಅತ್ತೆ? ಒಡಹುಟ್ಟಿದ ಅಣ್ಣ ಅಲ್ವಾ? ಅವರ ರಕ್ತಾನೂ ಹೊಂದುತ್ತೆ.”

“ಅವನು ದುಡಿಯೋ ಗಂಡಸು.”

“ನಾನು ಬೆಳಗ್ಗಿಂದ ಸಂಜೆವರೆಗೂ ಹೊಲಿಗೆ ಮಿಷನ್ ತುಳಿಯೋದೇನು, ಆಟಾನಾ?”

“ಅಯ್ಯೋ, ನಿನ್ನನ್ನ ಯಾರು ಬಲವಂತ ಮಾಡಿದ್ರು ತಾಯಿ? ನೀನು ಸ್ವತಂತ್ರಳು. ಬೇಡ ಅನ್ನಿಸಿದ್ರೆ ಬೇಡ ಅನ್ನು. ಆಮೇಲೆ ನಮ್ಮ ಹೊಸ್ತಿಲು ಮಾತ್ರ ತುಳೀಬೇಡ. ಮಗು ನಮ್ಮ ಹತ್ರಾನೇ ಇರುತ್ತೆ.”



ನರ್ಸ್ ಬಂದು ಕರೆದರು. ಅತ್ತೆ ತಮ್ಮ ಸೆರಗಿನಿಂದ ಸೊಸೆಯ ಕಣ್ಣೊರೆಸಿ, ಹೆತ್ತವಳಂತೆ ಮುಂಗುರುಳು ಸರಿಮಾಡಿದರು.

“ನಗೋದು ಮರೀಬೇಡ, ಬಂಗಾರ.”

ಬಾಗಿಲ ಬಳಿ ಸೊಸೆ ತಿರುಗಿ, ಅಷ್ಟೂ ಹಲ್ಲು ತೋರಿಸಿದಳು.

“ಇಷ್ಟು ಸಾಕಾ ಅತ್ತೆ?”

ಉತ್ತರಕ್ಕೆ ಕಾಯದೆ ಒಳಗೆ ಹೋದಳು.