ಮುಯ್ಯಾಳಿನ ಬುತ್ತಿ

ಇಂದಿನ ವಾರ್ಷಿಕ ಸ್ನೇಹ ಸಮ್ಮೇಳನದ ಅಧ್ಯಕ್ಷಸ್ಥಾನ ಅಲಂಕರಿಸಿರುವ ಗ್ರಾಮ ಪಂಚಾಯ್ತಿ ಅಧ್ಯಕ್ಷರೇ, ಬೈಲಹೊಂಗಲದಿಂದ ದಯಮಾಡಿಸಿರುವ ಮುಖ್ಯ ಅತಿಥಿಗಳೇ, ನಮ್ಮ ಶಾಲೆಯ ಹೆಡ್ ಮಾಸ್ತರರಾದ ಬಸಯ್ಯ ಗುರುಗಳೇ, ಮುಖಕ್ಕೆ ಹಚ್ಚಿದ ಬಣ್ಣ ಇನ್ನೂ ತೊಳೆದುಕೊಳ್ಳದ ಮುದ್ದು ಮಕ್ಕಳೇ, ತಾಯಂದಿರೇ, ಸಭಿಕರೇ.

ಶಾಲಾ ಸುಧಾರಣಾ ಸಮಿತಿ ಅಧ್ಯಕ್ಷ ಅಂತ ನನಗೆ, ಈ ಮುತ್ತಪ್ಪನಿಗೆ, ವಂದನಾರ್ಪಣೆಯ ಕೆಲಸ ಕೊಟ್ಟಿದ್ದಾರೆ. ವಂದನಾರ್ಪಣೆ ಅಂದರೆ ಉಂಡ ಮೇಲೆ ಕೈ ತೊಳೆದ ಹಾಗೆ, ಅದಕ್ಕೆ ಬಹಳ ನೀರು ಬೇಕಿಲ್ಲ, ಎರಡೇ ಮಾತು ಸಾಕು ಅಂತ ಬಸಯ್ಯ ಗುರುಗಳು ಮೊದಲೇ ಹೇಳಿದ್ದಾರೆ. ಆಗಲಿ. ಆದರೆ ಈ ವೇದಿಕೆ ಮೇಲೆ ಇಂದು ಸನ್ಮಾನ ಆದದ್ದು ಯಾರಿಗೆ? ಶಟ್ಟೆವ್ವಗೆ. ಶಟ್ಟೆವ್ವ ಯಾರು? ನನ್ನ ಹಡೆದವ್ವ. ಹಡೆದವ್ವಗೆ ಹೇಳುವ ವಂದನೆ ಎರಡು ಮಾತಿನಲ್ಲಿ ಮುಗಿಯುತ್ತದೆಯೇ? ನೀವೇ ಹೇಳಿರಿ.

ಮೊದಲನೆಯದಾಗಿ ಮುಖ್ಯ ಅತಿಥಿಗಳಿಗೆ ವಂದನೆಗಳು. ಅವರು ತಮ್ಮ ಭಾಷಣದಲ್ಲಿ ಬಹಳ ಚಂದ ಮಾತು ಹೇಳಿದರು. "ಗೃಹಲಕ್ಷ್ಮಿ ಹಣ ಪಡೆದ ಈ ತಾಯಿ ಶಾಲೆಯ ಅಡುಗೆ ಮನೆಯಲ್ಲಿ ನಿಸ್ವಾರ್ಥ ಸೇವೆ ಮಾಡುತ್ತಿದ್ದಾರೆ" ಅಂದರು. ಸಾಹೇಬರು ಸಿಟ್ಟಾಗಬಾರದು. ಅದು ಸೇವೆ ಅಲ್ಲ. ಮುಯ್ಯಿ.

ಮುಯ್ಯಿ ಅಂದ್ರ ಪ್ಯಾಟಿಯವರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಹೊಲದಾಗ ಕಡ್ಲಿ ಕೀಳಾಕ ನೀವು ಬಂದ್ರಿ ಅಂದ್ರ, ನಿಮ್ಮ ಹೊಲಕ್ಕ ನಾವು ಹೋಗಬೇಕು. ಅದಕ್ಕ ಮುಯ್ಯಾಳು ಅಂತೇವಿ. ಅಲ್ಲಿ ಪಗಾರದ ಮಾತ ಇಲ್ಲ. ಕರದವರು ಬುತ್ತಿ ತರಬೇಕು, ಬಂದವರು ಉಣಬೇಕು. ಮುಯ್ಯಾಳು ತನ್ನ ಮನಿಯಿಂದ ರೊಟ್ಟಿ ಕಟಗೊಂಡು ಬಂದ್ರ ಕರದವರ ಮಾರಿಗೆ ಹೊಡದಂಗ. ಇದು ನಮ್ಮ ಹಿರ್ಯಾರು ಹಾಕಿದ ಪದ್ಧತಿ.

ಮೊದಲ ಸಲ ಅವ್ವನ ಖಾತೆಗೆ ಎರಡು ಸಾವಿರ ಜಮಾ ಆದ ದಿನ ಆಕಿ ನನ್ನ ಕೇಳಿದ್ಲು, "ಯಾರು ಹಾಕ್ಯಾರೊ ಮುತ್ತಣ್ಣಾ?"

"ಸರಕಾರದವರು."

"ಯಾಕ?"

"ನೀ ಈ ಮನಿ ಯಜಮಾನಿ ಅಂತ."

ಆಮ್ಯಾಲೆ ಕೇಳಿದ್ಲು, "ಹಂಗಾರ ಸರಕಾರದ ಹೊಲ ಎಲ್ಲೈತಿ? ಒಂದಿನ ಹೋಗಿ ದುಡದ ಬರತೇನಿ."

ನಕ್ರಿ ನೀವು. ನಾನೂ ನಕ್ಕೆ. ಆದ್ರ ಆಕಿ ನಗಲಿಲ್ಲ. ಊರಾಗ ಸರಕಾರ ಎಲ್ಲೈತಿ ಅಂತ ಹುಡಕಿದ್ಲು. ಪಂಚಾಯ್ತಿಗೆ ಹೋದ್ಲು. ಅಲ್ಲಿ ಕುರ್ಚಿ ಕಂಡುವಂತ, ಮಾಡೂ ಕೆಲಸ ಕಾಣಲಿಲ್ಲಂತ. ಅಧ್ಯಕ್ಷರು ತಪ್ಪು ತಿಳೀಬಾರದು, ಇದು ಆಕಿ ಮಾತು. ಕಡೀಕ ಇದ ಸಾಲಿಗೆ ಬಂದ್ಲು. ಅಡಗಿ ಮನ್ಯಾಗ ಹೆಣಮಕ್ಕಳು ಮಕ್ಕಳ ಊಟದ ಬ್ಯಾಳಿ ಹಸನ ಮಾಡಾಕತ್ತಿದ್ರು. "ಇಲ್ಲೈತಿ ನೋಡ ಸರಕಾರದ ಹೊಲ" ಅಂದಾಕಿನ, ಬ್ಯಾಳಿ ಕೇರೂ ಒಂದು ಮರ ತಗೊಂಡು ಕುಂತಬಿಟ್ಲು. ಅವತ್ತಿನಿಂದ ಸೋಮವಾರ ಬಂತಂದ್ರ ಆಕಿ ಇಲ್ಲಿ. ಯಾರು ಬ್ಯಾಡ ಅಂದ್ರೂ ಕೇಳಂಗಿಲ್ಲ. "ಮುಯ್ಯಿ ತೀರಸದ ಉಂಡ ಕೂಳು ಅರಗಂಗಿಲ್ಲ" ಅಂತಾಳ.

ಬಸಯ್ಯ ಗುರುಗಳು ಚೀಟಿ ಕಳಿಸ್ಯಾರ. "ಬೇಗ ಮುಗಿಸಿರಿ." ಮುಗಸ್ತೇನಿ ಗುರುಗಳೇ. ಮೈಕ್ ಸೆಟ್ಟಿನ ಸಿದ್ಧಾರೂಢನಿಗೆ ವಂದನೆಗಳು. ಪೆಂಡಾಲ ಹಾಕಿದವರಿಗೆ ವಂದನೆಗಳು. ಪೆಂಡಾಲಿನ ಕಂಬ ಹಿಡಕೊಂಡು ನಿಂತಿರೂ ಎಳಿಹುಡುಗರಿಗೂ ವಂದನೆಗಳು, ಬಿಟ್ಟಗಿಟ್ಟೀರಿ.

ರೊಕ್ಕ ಬಂದ ಮ್ಯಾಲೆ ನಮ್ಮ ಮನಿ ಹ್ಯಾಂಗ ಬದಲಾತು? ಇದನ್ನ ಮುಖ್ಯ ಅತಿಥಿಗಳು ಹೇಳಲಿಲ್ಲ, ನಾ ಹೇಳತೇನಿ. ಅವ್ವ ಮೊದಲು ಬೈಲಹೊಂಗಲಕ್ಕ ಹೋಗಿ ಕಣ್ಣು ತೋರಿಸಿ ಚಾಳೀಸ ಮಾಡಿಸಿಕೊಂಡ್ಲು. ಅದನ್ನ ಹಾಕ್ಕೊಂಡು ಮನಿಗೆ ಬಂದಾಕಿ ನನ್ನ ಮಾರಿ ನೋಡಿ, "ಎಷ್ಟ ಸೊರಗೀಯೊ ಯಪ್ಪಾ" ಅಂದ್ಲು. ಎಷ್ಟು ವರ್ಷದಿಂದ ಆಕಿಗೆ ನನ್ನ ಮಾರಿ ನೆಟ್ಟಗ ಕಂಡಿರಲಿಲ್ಲೊ ಏನೊ. ನನಗದು ಗೊತ್ತ ಇರಲಿಲ್ಲ.

ಅದಕ್ಕೂ ಮೊದಲು ಸಂತಿ ದಿನ ಆಕಿ ಬಾಗಲದಾಗ ಬಂದು ನಿಂದರತಿದ್ಲು. "ಮುತ್ತಣ್ಣಾ, ಎಲಿ-ಅಡಿಕಿ ತೀರ್ಯಾವ." ನಾ ಒಂದೀಟು ಗೊಣಗತಿದ್ದೆ, ಆಮ್ಯಾಲೆ ಕೊಡತಿದ್ದೆ. ಈಗ ಆಕಿ ಕೇಳಂಗಿಲ್ಲ. ಅಷ್ಟ ಅಲ್ಲ, ನನ್ನ ಹೆಂಡ್ತಿ ಗ್ಯಾಸ್ ತೀರಿದ್ರ ಆಕಿಗೆ ಹೇಳತಾಳ. ಮಗಳು ಶೀತಲ್ ಪಟ್ಟಿ ಪುಸ್ತಕ ಬೇಕಂದ್ರ ಅಜ್ಜಿ ಹಂತ್ಯಾಕ ಹೋಗತಾಳ. ಆಡು ಕಟ್ಟಿದ್ಲು, ಮರಿ ಹಾಕ್ತು, ಮನ್ಯಾಗ ಸಂಜೀಗೂ ಹಾಲಿನ ಚಹಾ ಆತು. ಒಳ್ಳೇದಾತಲ್ಲ? ಆತು. ಯಾರು ಇಲ್ಲಂದ್ರು? ಆದ್ರ ಸಭಿಕರೇ, ಆಕಿ ಕೇಳಿದಾಗ ಸಿಟ್ಟು ಬರತಿದ್ದ ನನಗ, ಆಕಿ ಕೇಳೂದು ಬಿಟ್ಟಾಗ ಇನ್ನೂ ಹೆಚ್ಚಿಗಿ ಸಿಟ್ಟು ಬಂತು. ಇದು ಯಾವ ಶಾಸ್ತ್ರದಾಗ ಬರದಾರ?

ಅದರ ಮ್ಯಾಲೆ ಚಹಾದಂಗಡಿ ಮಾತು. "ಮುತ್ತಪ್ಪನ ಹೊಲದಾಗ ಈ ಸಲ ಕಡ್ಲಿ ಸೊಂಟಮಟ ಬಂದೈತಿ, ಅವ್ವನ್ನ ಮಾತ್ರ ಸಾಲಿ ಅಡಗಿ ಮನಿಗೆ ದುಡ್ಯಾಕ ಹಚ್ಯಾನ." ಅಂದವರು ಇಲ್ಲೇ ಹಿಂದಿನ ಸಾಲಿನ್ಯಾಗ ಕುಂತಾರ. ಅವರಿಗೂ ವಂದನೆಗಳು.

ಕಡ್ಲಿ ಕೀಳೂ ದಿನ ಸೋಮವಾರ ಬಂತು. "ಇವತ್ತ ಹೊಲಕ್ಕ ನಡಿ" ಅಂದೆ. "ಇವತ್ತ ಸಾಲಿ ದಿನ, ನಾಳೆ ಬರತೇನಿ" ಅಂದ್ಲು. ಆಳು ಸಿಗವಲ್ಲರು, ಬಿಸಲ ಏರಾಕತ್ತೈತಿ, ಕಾಯಿ ಒಣಗಿ ಉದರಾಕತ್ಯಾವ. ನನ್ನ ಬಾಯಿಂದ ಬಂತು. "ಸರಕಾರನ ನಿನಗ ಮಗ ಆಗೈತಿ. ನಿನ್ನ ರೊಕ್ಕ ಐತೆಲ್ಲ, ನಿನ್ನ ಒಲಿ ನೀನ ಹೂಡ್ಕೊ."

ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಆಕಿ ದನದ ಕೊಟಗಿ ಮುಂದ ಮೂರು ಕಲ್ಲು ಇಟ್ಟು ಒಲಿ ಹೂಡಿದ್ಲು. ನನ್ನ ಹೆಂಡ್ತಿ, ಮಗಳು ಎರಡೂ ಒಲಿ ಕಡೆ ಉಣ್ಣತಾರ. ನಾನೊಬ್ಬ ಒಳಗ ಕುಂತು ಆಕಿ ರೊಟ್ಟಿ ಬಡಿಯೂ ಸಪ್ಪಳ ಕೇಳತೇನಿ. ಕರೀಲಿ ಅಂತ ಕುಂತೇನಿ. ಆಕಿ, ಇಂವನ ಬಂದು ಕೇಳಲಿ ಅಂತ ಕುಂತಾಳ. ಕಡ್ಲಿ ರಾಶಿ ಆತು, ಮನಿಗೆ ಬಂತು, ನಾವಿಬ್ಬರೂ ಕುಂತ ಅದೇವಿ.

ಗುರುಗಳೇ, ಇನ್ನೊಂದ ಚೀಟಿ ಬ್ಯಾಡ್ರಿ. ನಾ ಯಾಕ ಮಾತು ಎಳ್ಯಾಕತ್ತೇನಿ ಅಂತ ಹೇಳಿಬಿಡತೇನಿ. ಅವ್ವನ ಕುರ್ಚಿ ಕೆಳಗ ಒಂದು ಗಂಟು ಐತಿ, ನೋಡ್ರಿ. ಸನ್ಮಾನದಾಗ ಕೊಟ್ಟ ಹಣ್ಣಿನ ಗಂಟು ಅಂತ ತಿಳಕೊಂಡೀರಿ. ಅಲ್ಲ. ಅದರಾಗ ಆಕಿ ಹೊದಿಯೂ ಕೌದಿ ಐತಿ, ಎರಡು ಸೀರಿ ಅದಾವ. ಉಗರಗೋಳದಾಗ ಆಕಿ ತಂಗಿ ಬಾಯವ್ವ ಕಾಯಿ-ಕರ್ಪೂರದ ಅಂಗಡಿ ಇಟ್ಟಾಳ. ಸಭಾ ಮುಗಿದ ಮ್ಯಾಲೆ ಸಂಜಿ ಬಸ್ಸಿಗೆ ಹೋಗಿ ಅಲ್ಲೇ ಇರತೇನಿ ಅಂತ ಶೀತಲ್‌ಗೆ ಹೇಳ್ಯಾಳ. ನನಗ ಹೇಳಿಲ್ಲ. ಮೊದಲಿನಂಗಿದ್ರ ಬಸ್ ಚಾರ್ಜಿಗಾದ್ರೂ ನನ್ನ ಮುಂದ ಬರತಿದ್ಲು, ನಾ ಇಲ್ಲ ಅಂತಿದ್ದೆ, ಅಲ್ಲಿಗೆ ಮುಗೀತಿತ್ತು. ಈಗ ಹೆಣಮಕ್ಕಳಿಗೆ ಬಸ್ಸೂ ಪುಕ್ಕಟೆ. ಆಕಿನ್ನ ಹಿಡದ ಇಟಗೊಳ್ಳಾಕ ನನ್ನ ಕೈಯಾಗ ಏನೂ ಉಳದಿಲ್ಲ.

ಈ ಮೈಕ್ ಒಂದ ಉಳದೈತಿ. ಸನ್ಮಾನ ಆದವರು ವಂದನಾರ್ಪಣೆ ಮುಗಿಯೂತನ ಎದ್ದು ಹೋಗಬಾರದಂತ ಪದ್ಧತಿ. ಪದ್ಧತಿ ಮುರಿಯೂ ಹೆಣಮಗಳಲ್ಲ ಆಕಿ. ಅದಕ್ಕ ಬಸ್ ಹೋಗೂತನ ಮಾತಾಡಬೇಕಂತ ಎದ್ದು ಬಂದೆ.

ಕೇಳ್ರಿ, ಹಾರ್ನ್ ಆತು. ಬಂತು ಬಸ್ಸು. ಡ್ರೈವರ್ ಚಹಾ ಕುಡಿಯೂತನ ನಿಂದರತೈತಿ.

ಅವ್ವ ಗಂಟಿನ ಮ್ಯಾಲೆ ಕೈ ಇಟ್ಟಾಳ. ಆದ್ರೂ ಏಳವಲ್ಲಳು. ಹೊದ್ದ ಶಾಲು ಸರಿ ಮಾಡ್ಕೊಂಡು ನನ್ನ ಕಡೆ ನೋಡಾಕತ್ಯಾಳ. ನೋಡಬ್ಯಾಡ ಅವ್ವಾ ಹಂಗ.

ಅವ್ವಾ, ನಾ ತೊಟ್ಟಿಲದಾಗ ಇದ್ದಾಗಿಂದ ನೀ ಆ ಹೊಲದಾಗ ದುಡದಿ. ಸರಕಾರದ ಮುಯ್ಯಿ ತೀರಸಾಕತ್ತಿ, ಛಲೋ ಆತು. ನಿನ್ನ ಮುಯ್ಯಿ ನನ್ನ ಮ್ಯಾಲೆ ಐತೆಲ್ಲ, ಅದನ್ನ ನಾ ಯಾವಾಗ ತೀರಸಲಿ? ನಾಳೆ ಸೋಮವಾರ. ನಾಳೆ ಈ ಸಾಲಿ ಅಡಗಿ ಮನ್ಯಾಗ ನಿನ್ನ ಬಾಜೂಕ ಮರ ಹಿಡದು ಕುಂದರತೇನಿ. ಚಹಾದಂಗಡಿಯವರು ಬೇಕಾದ್ರ ಬಂದು ನೋಡಲಿ. ನಿನ್ನ ಮುಯ್ಯಾಳಾಗಿ ಬರತೇನಿ. ಮುಯ್ಯಾಳು ಮನಿಯಿಂದ ರೊಟ್ಟಿ ಕಟಗೊಂಡು ಬರಬಾರದು, ಅದು ನನಗಿಂತ ನಿನಗ ಚಂದ ಗೊತ್ತೈತಿ. ನಾ ಬರೀಗೈಲೆ ಬರತೇನಿ. ನೀ ಉಗರಗೋಳಕ್ಕ ಹೋದ್ರೂ ಇಲ್ಲಿಗೆ ಬರತೇನಿ, ಹಸಗೊಂಡು ಕುಂತಿರತೇನಿ.

ಗುರುಗಳೇ, ಬಸ್ಸು ಇನ್ನೂ ನಿಂತೈತಿ. ಅದು ಹೋದ ಮ್ಯಾಲೆ ಮುಗಸಬೇಕಂತಿದ್ದೆ. ಬ್ಯಾಡ, ಹೋಗೂದ್ರೊಳಗ ಮುಗಸ್ತೇನಿ. ಮುಂದ ಕುಂತ ತಾಯಂದಿರೇ, ಒಂದೀಟು ಸರೀರಿ, ಆಕಿ ಏಳೂದಾದ್ರ ದಾರಿ ಇರಲಿ.

ಇಷ್ಟೊತ್ತು ಕುಂತು ಕೇಳಿದ ನಿಮಗೆಲ್ಲ ವಂದನೆಗಳು. ಅವ್ವಾ, ಬುತ್ತಿ ನೀನ ತರಬೇಕು. ನಮಸ್ಕಾರ.