ಹಲಗೆಯ ಹಿಂಬದಿ

ಸೆನೆಟ್ ಗ್ಯಾಲರಿಯ ಹೊರಗೆ, ಬಂದವರು ಒಪ್ಪಿಸಿಹೋಗುವ ಫೋನುಗಳನ್ನು ಕಾಯುವ ಆರ್ವಿಲ್‌ನ ಮುಂದೆ ಗಂಡಹೆಂಡತಿ ನಿಂತಿದ್ದರು. ಆಕೆಯ ಕೈಯಲ್ಲಿ, ಸೆನೆಟರು ಭಾಷಣದಲ್ಲಿ ಎತ್ತಿ ತೋರಿಸಿದ್ದ ಹಲಗೆ. ಅದರ ಮೇಲೆ ತೀರಿಹೋದ ಮಗಳ ಫೋಟೊ.

“ಕೇಳಿದ ತಕ್ಷಣ ಕೊಟ್ಬಿಟ್ರು, ಕ್ಲೈಡ್.”

“ಆರೋಗ್ಯ ವಿಮೆ ಮಸೂದೆ ಬಿದ್ದೋಯ್ತಲ್ಲ. ಇನ್ಯಾಕೆ ಬೇಕು ಅವ್ರಿಗೆ?”

“ನಮ್ಮ ಡೆಲ್ಲಾ ಇನ್ಸುಲಿನ್ ಸಾಲ್ದೆ ಹೋದ್ಲು ಅಂತ ಸೆನೆಟರು ಅಂದಾಗ, ಎದುರು ಪಕ್ಷದವ್ರು ಒಬ್ರಾದ್ರೂ ಕೂತಿದ್ರಾ?”

“ಅವ್ರ ಸ್ವಂತ ಪಕ್ಷದವ್ರೇ ಇರ್ಲಿಲ್ಲ. ಓಟು ಹಾಕೋಕೆ ಮಾತ್ರ ಓಡ್ಬಂದ್ರು.”

“ಅಯ್ಯೋ, ಹಲಗೆ ಹಿಂದ್ಗಡೆ ಇನ್ನೊಂದು ಮಗು ಇದೆ ನೋಡು!”

“ಹೋದ್ಸಲದ ಭಾಷಣದ್ದು. ಆ ಮಸೂದೆನೂ ಬಿತ್ತು.”

“ಇದರ ತಾಯಿ ಕೇಳೋಕೆ ಬರ್ಲಿಲ್ವೇನೋ.”

“ಇಲ್ಲೇ ಬಿಟ್ಟೋಗೋಣ್ವಾ?”

“ಯಾವ ಮಗೂನ?”

ಡೆಲ್ಲಾಳ ಮುಖವನ್ನು ಎದೆಗವಚಿಕೊಂಡು ಆಕೆ ಹೊರಟಳು. ಆರ್ವಿಲ್‌ನ ಎದುರು ಹಾದುಹೋದದ್ದು ಹೆಸರು ಗೊತ್ತಿಲ್ಲದ ಆ ಇನ್ನೊಂದು ಮಗುವಿನ ನಗು.