ಎರಡೆರಡು ಪತ್ರೆ

…ಬಂದೆ ಅಂದೆನಲ್ಲ ಮಾರಾಯ್ತಿ! ಸ್ನಾನ ಆಗಿದೆ, ಇನ್ನು ಪೂಜೆ ತಾನೇ? ಅದೇನು ಶನಿವಾರಸಂತೆ ಬಸ್ಸಾ, ತಪ್ಪಿಹೋಗೋಕೆ? ಮಣೆ ಹಾಕಿದ್ದೀಯ, ಚೊಂಬಲ್ಲಿ ನೀರಿಟ್ಟಿದ್ದೀಯ, ತಟ್ಟೆಗೆ ಬಿಳೀ ಬಟ್ಟೆ ಬೇರೆ ಮುಚ್ಚಿದ್ದೀಯ… ಇರಲಿ, ಎಲ್ಲಾ ಅಲ್ಲೇ ಇರಲಿ. ಮೊದಲು ಆ ಕಾಫಿ ಕತೆ ಮುಗಿಸ್ತೀನಿ. ಎಲ್ಲಿಗೆ ನಿಲ್ಲಿಸಿದ್ದೆ? ಹಾಂ, ಸೈಗಾನ್! ‘ಅಂಕಲ್, ಈಗ ಅದಕ್ಕೆ ಬೇರೆ ಹೆಸರು’ ಅಂದ್ಲು ಆ ರಂಜಿತಾ. ಟೂರಿಗೆ ಕರ್ಕೊಂಡು ಹೋದ ಕುಶಾಲನಗರದ ಹುಡುಗಿ. ಮೂವತ್ತು ವರ್ಷ ಕಾಲೇಜಲ್ಲಿ ಹಿಸ್ಟರಿ ಪಾಠ ಮಾಡಿ ರಿಟೈರಾದ ಶಾಂತಪ್ಪನಿಗೆ ಇವಳು ಹೇಳಿಕೊಡ್ತಾಳೆ, ಊರಿನ ಹೆಸರು ಬದಲಾಗಿದೆ ಅಂತ!

ಅಲ್ಲಿ ಕಾಫಿ ಅಂದ್ರೆ ಏನು ಗೊತ್ತಾ? ಲೋಟದ ಮೇಲೆ ಒಂದು ಪುಟಾಣಿ ತಗಡಿನ ಡಬ್ಬಿ ಕೂರಿಸ್ತಾರೆ. ಅದರಿಂದ ತೊಟ್ಟು… ಇನ್ನೊಂದು ತೊಟ್ಟು… ಅದು ಇಳಿಯೋ ಹೊತ್ತಿಗೆ ನಮ್ಮ ಕಣದಲ್ಲಿ ಒಂದು ಹಾಸು ಕಾಫಿ ಒಣಗುತ್ತೆ. ತಳದಲ್ಲಿ ಡಬ್ಬಿ ಹಾಲು, ಪಾಯಸದ ಹಾಗೆ ಗಟ್ಟಿ. ಮೇಲೆ ಐಸು! ಕಾಫಿಗೆ ಐಸು ಕಣೇ! ಪ್ರಪಂಚಕ್ಕೆಲ್ಲ ರೊಬಸ್ಟಾ ಮಾರ್ತಾರಂತೆ, ಕುಡಿಯೋಕೆ ಬರಲ್ಲ. ಎಲ್ಲರೂ ‘ಆಹಾ, ಆಹಾ’ ಅಂತ ಹೀರಿದ್ರು. ನಾನು ಕಾಫಿ ತಂದಿಟ್ಟ ಹುಡುಗನ್ನ ಕರೆದು, ಇಂಗ್ಲಿಷಲ್ಲೇ, ‘ತಮ್ಮಾ, ನಾನು ಕೊಡಗಿನವನು’ ಅಂದೆ. ಅವನು ತಲೆ ಬಾಗಿಸಿ ಇನ್ನೊಂದು ಲೋಟ ತಂದಿಟ್ಟ!

ಯಾಕೆ ನಗ್ತಿಲ್ಲ ನೀನು? ಇದನ್ನ ಹೇಳಿದಾಗ ವಿಮಾನದಲ್ಲಿ ಪಕ್ಕದವರೆಲ್ಲ ಬಿದ್ದು ಬಿದ್ದು ನಕ್ಕರು.

ತಿಂಡಿಯಾ? ನೀನು ತಿನ್ನು ಹೋಗೇ. ನನ್ನ ಪೂಜೆ ಆಗೋ ತನಕ ನೀನ್ಯಾಕೆ ಉಪವಾಸ ಕೂರಬೇಕು? ಮದುವೆಯಾದಾಗಿಂದ ಇದೇ ಹಠ. ವಿಶಾಲಾಕ್ಷಿ, ಕಾಲ ಬದಲಾಗಿದೆ. ಅಕ್ಕಿರೊಟ್ಟಿ ವಾಸನೆ ಇಲ್ಲೀ ತನಕ ಬರ್ತಿದೆ, ನನಗೇ ಹೊಟ್ಟೆ ತಾಳ ಹಾಕ್ತಿದೆ… ಅಲ್ಲ, ಅಲ್ಲ, ಪೂಜೆ ಮಾಡದೆ ತಿನ್ನಲ್ಲ ಬಿಡು. ಮಾಡ್ತೀನಿ. ಎಷ್ಟು ಸಲ ಹೇಳಲಿ?

ಈ ಶಾಲಾ? ಚಳಿ. …ಬಿಸಿಲಿದೆ ಅಂತ ನನಗೂ ಕಾಣುತ್ತೆ. ಹೊರಗೆ ಬಿಸಿಲು, ಮೈಯೊಳಗೆ ಚಳಿ. ವಿಮಾನದ ಏಸಿ ಅಂದ್ರೆ ನಿನಗೇನು ಗೊತ್ತು? ಬಾ ಅಂತ ಎಷ್ಟು ಬೇಡ್ಕೊಂಡೆ. ‘ಕಾಫಿ ಕಣದಲ್ಲಿದೆ, ಕೆದಕೋರ್ಯಾರು’ ಅಂದೆ ನೀನು. ಈಗ ಕೇಳು, ನೋಡದೇ ಇರೋ ಊರಿನ ಕತೆ ಕೇಳು.

ನಿಜ ಹೇಳ್ತೀನಿ, ಕೇರಳದ ಗಡಿ, ಆ ಮಾಕುಟ್ಟದ ಚೆಕ್‌ಪೋಸ್ಟ್ ದಾಟೋ ತನಕ ಟೂರು ಚೆನ್ನಾಗಿತ್ತು. ಅಲ್ಲಿಂದ ಕೊಚ್ಚಿ ತನಕ ಆ ಸಣ್ಣಸ್ವಾಮಿ ಪಕ್ಕದಲ್ಲಿ ಕೂತು ನನ್ನ ಪ್ರಾಣ ತೆಗೆದ. ಅದೇ ಕಣೇ, ಕುಶಾಲನಗರದ ಆಚೆ ಶುಂಠಿ ಬೆಳೀತಾನಲ್ಲ, ಮೈಸೂರು ಕಡೆಯಿಂದ ಬಂದು ಸೇರ್ಕೊಂಡೋನು. ನಮ್ಮವನೇ, ಲಿಂಗ ಕಟ್ಟಿದೋನೇ. ಆದ್ರೆ ಓದು ಬರಹ? ಮೂರನೇ ಕ್ಲಾಸು! ಪಂಚೆ ಉಟ್ಟು ವಿಮಾನ ಹತ್ತಿದ. ಹಣೆ ತುಂಬ ವಿಭೂತಿ. ಕೈಯಲ್ಲಿ ಒಂದು ಚೀಲ. ಅದರಲ್ಲಿ ರಾಗಿ ಹಿಟ್ಟು, ಹುರಿಗಡಲೆ, ಒದ್ದೆ ಬಟ್ಟೇಲಿ ಸುತ್ತಿದ ಬಿಲ್ವಪತ್ರೆ! ‘ಏನಯ್ಯಾ, ವಿಯೆಟ್ನಾಮಿಗೆ ಮದುವೆ ದಿಬ್ಬಣ ಹೊರಟಿದ್ದೀಯಾ?’ ಅಂದೆ. ‘ಅಲ್ಲಿ ಪತ್ರೆ ಸಿಕ್ತದೋ ಇಲ್ವೋ ಮೇಷ್ಟ್ರೇ’ ಅಂತಾನೆ. ಮೇಷ್ಟ್ರೇ! ಲೆಕ್ಚರರ್ ಕಣಯ್ಯಾ ಅಂದ್ರೆ ‘ಆಗ್ಲಿ ಮೇಷ್ಟ್ರೇ’ ಅಂತಾನೆ.

ಊಟದ ಪಾಡು ಕೇಳಬೇಡ. ವೆಜಿಟೇರಿಯನ್ ಅಂದ್ರೆ ಅವರಿಗೆ ಏನರ್ಥ ಗೊತ್ತಾ? ಸಾರಿನೊಳಗಿಂದ ಮೀನು ಎತ್ತಿ ಪಕ್ಕಕ್ಕಿಟ್ಟು ಸಾರು ನಮಗೆ ಕೊಡೋದು! ನಾನು ಬಾಳೆಹಣ್ಣಲ್ಲೇ ದಿನ ಕಳೆದೆ. ಸಣ್ಣಸ್ವಾಮಿ ಹೋಟೆಲ್ ರೂಮಿನ ಟೀ ಕಾಯಿಸೋ ಕೆಟ್ಲಲ್ಲಿ ರಾಗಿ ಗಂಜಿ ಮಾಡ್ಕೊಂಡ. ನನಗೂ ಕೊಟ್ಟ… ಕುಡಿದೆ, ಏನು ಮಾಡೋದು.

ಮುಖ್ಯ ವಿಷಯ ಬೇರೆ ಇದೆ. ಸೈಗಾನಿಂದ ಇನ್ನೊಂದು ಊರಿಗೆ, ದನಾಂಗ್ ಅಂತ, ಮತ್ತೆ ವಿಮಾನ. ಅಲ್ಲಿ ತಪಾಸಣೆ. ಬೆಲ್ಟು ಬಿಚ್ಚು, ವಾಚು ಬಿಚ್ಚು, ಬೂಟು ಬಿಚ್ಚು. ಬಿಚ್ಚಿದ್ವಿ. ಕಮಾನಿನೊಳಗೆ ಹೋದ್ರೆ ಕುಯ್ಯ್ ಅಂತು. ಆ ಪೊಲೀಸ್ ಹೆಣ್ಣುಮಗಳು ನನ್ನ ಎದೆ ಕಡೆ ಬೆರಳು ತೋರಿಸಿದ್ಲು. ಕರಡಿಗೆ! ಬೆಳ್ಳಿ ಅಲ್ವಾ… ಕೊಚ್ಚೀಲಿ ‘ಇಷ್ಟಲಿಂಗ’ ಅಂದ ಕೂಡಲೇ ಬಿಟ್ಟಿದ್ರು, ಇವಳಿಗೇನು ಗೊತ್ತು!

ಗೊತ್ತು, ಗೊತ್ತು. ಹಾಗೆ ನೋಡಬೇಡ. ಬಟ್ಟೆಯ ಚೀಲ ಹೊಲಿದುಕೊಟ್ಟು, ಇದರಲ್ಲಿ ಲಿಂಗ ಇಟ್ಕೊಂಡು ಹೋಗಿ, ಬೆಳ್ಳಿದು ಮನೇಲಿರಲಿ ಅಂತ ನೀನು ಹೇಳಿದ್ದೆ. ನಾನೇ ಬೇಡ ಅಂದೆ. ಮಾವ ಮದುವೆಗೆ ಕೊಟ್ಟ ಬೆಳ್ಳಿ ಕರಡಿಗೆ ಬಿಟ್ಟು, ಹೊರದೇಶಕ್ಕೆ ಅರಿವೆ ಗಂಟು ಕಟ್ಕೊಂಡು ಹೋಗ್ಲಾ? ನಾಲ್ಕು ಜನ ನೋಡ್ತಾರೆ.

ಸರಿ, ಓದಿದ ಮನುಷ್ಯ, ಕಾನೂನು ಗೊತ್ತು. ಮರ್ಯಾದೆಯಾಗಿ ತೆಗೆದು ಟ್ರೇಯಲ್ಲಿ ಇಟ್ಟೆ. ಆಚೆ ಹೋದೆ. ಆಯ್ತು. ನನ್ನ ಹಿಂದೆ ಸಣ್ಣಸ್ವಾಮಿ! ಅವನ ಹತ್ರ ಇದ್ದದ್ದೂ ಲೋಹದ್ದೇ, ಸಣ್ಣದು, ಸವೆದುಹೋದದ್ದು. ತೆಗಿ ಅಂದ್ರೆ ತೆಗೆಯಲ್ಲ! ಎರಡೂ ಕೈಯಲ್ಲಿ ಎದೆ ಮುಚ್ಕೊಂಡು ನಿಂತ. ಅವರು ಅವರ ಭಾಷೇಲಿ ಕಿರುಚ್ತಾರೆ, ಇವನು ‘ಪ್ರಾಣ ಹೋದ್ರೂ ಬುಡಕ್ಕಿಲ್ಲ ತಾಯಿ’ ಅಂತಾನೆ! ಹಿಂದೆ ಮಾರುದ್ದ ಸಾಲು. ನನಗೆ ನಗು ತಡೆಯೋಕಾಗಲಿಲ್ಲ. ಬೆಲ್ಟ್ ಹಾಕ್ಕೊಂಡೆ, ವಾಚ್ ಕಟ್ಕೊಂಡೆ, ಮೊಬೈಲ್ ತಗೊಂಡೆ, ಪೂರ್ತಿ ವಿಡಿಯೋ ಮಾಡ್ದೆ. ಕೊನೆಗೆ ಅವನನ್ನ ಒಂದು ಕೋಣೆಗೆ ಕರ್ಕೊಂಡು ಹೋದ್ರು. ನಾನು ನಗ್ತಾ ನಗ್ತಾ ಗೇಟಿಗೆ ಹೋಗಿ ಎಲ್ಲರಿಗೂ ವಿಡಿಯೋ ತೋರಿಸ್ದೆ. ತೋರಿಸ್ಲಾ? ನೋಡು, ಇಲ್ಲೇ ಇದೆ…

ಬೇಡ್ವಾ? ಸರಿ ಬಿಡು.

ಆಮೇಲೆ? ಆಮೇಲೆ ಏನು, ವಿಮಾನ ಹತ್ತಿದ್ವಿ. ಇನ್ನೇನಾಗುತ್ತೆ! ಅವನು ಬಾಗಿಲು ಮುಚ್ಚೋ ಹೊತ್ತಿಗೆ ಬೆವರು ಸುರಿಸ್ಕೊಂಡು ಬಂದ. ಬಂದವನೇ ನನ್ನ ಸೀಟಿನ ಹತ್ರ ಬಗ್ಗಿ, ‘ಮೇಷ್ಟ್ರೇ, ಒಂದ್ ಮಾತು’ ಅಂದ. ಒಂದೂ ಬೇಡ ಎರಡೂ ಬೇಡ, ಹೋಗಿ ಕೂತ್ಕೋ ಮಾರಾಯ, ನಿನ್ನಿಂದ ನಮ್ಮೆಲ್ಲರ ಮಾನ ಹೋಯ್ತು ಅಂದೆ. ವಿಮಾನ ಮೇಲೆ ಹೋಯ್ತು. ಮೋಡ… ಮೋಡ ಕಣೇ, ಬರೀ ಮೋಡ. ಆಗ ನಾನು ಹೀಗೆ ಎದೆ ಮೇಲೆ ಕೈ ಇಟ್ಕೊಂಡು…

ಏನಿಲ್ಲ. ಮೋಡ ನೋಡ್ತಾ ಇದ್ದೆ.

ದನಾಂಗ್‌ನಲ್ಲಿ ಬೆಟ್ಟದ ಮೇಲೊಂದು ಸೇತುವೆ. ಎರಡು ದೊಡ್ಡ ಕಲ್ಲಿನ ಕೈ ಅದನ್ನ ಎತ್ತಿ ಹಿಡಿದಿದೆ. ಎಂಥಾ ಶಿಲ್ಪ ಅಂತ ಎಲ್ಲರೂ ಬಾಯಿ ಬಿಟ್ರು. ನಾನು ಕೇಳಿದೆ, ಇದು ಯಾವ ಶತಮಾನದ್ದಮ್ಮಾ ಅಂತ. ‘ಮೊನ್ನೆ ಮೊನ್ನೆ ಕಟ್ಟಿದ್ದು ಅಂಕಲ್, ಕಲ್ಲಲ್ಲ, ಫೈಬರ್’ ಅಂದ್ಲು ರಂಜಿತಾ. ಅದನ್ನೂ ಕಣ್ತುಂಬ ನೋಡೋಕೆ ಬಿಡಲಿಲ್ಲ, ಮಂಜು! ಮಂಜು ನೋಡೋಕೆ ಸಮುದ್ರ ದಾಟಬೇಕಿತ್ತಾ? ಮಡಿಕೇರಿಗೆ ಬಸ್ ಹತ್ತಿದ್ರೆ ಸಿಗ್ತಿತ್ತು. ಅಲ್ಲೂ ಅಷ್ಟೇ, ಜನ ಎಲ್ಲ ಫೋಟೋ ತೆಗೀತಿದ್ರೆ ಸಣ್ಣಸ್ವಾಮಿ ನನ್ನ ಹಿಂದೆ ಹಿಂದೆ. ‘ಮೇಷ್ಟ್ರೇ, ಒಂದ್ ನಿಮ್ಸ.’ ನಾನು ಈ ಕಡೆ ಹೋದ್ರೆ ಈ ಕಡೆ, ಆ ಕಡೆ ಹೋದ್ರೆ ಆ ಕಡೆ. ‘ಒಬ್ರೇ ಇದ್ದಾಗ ಹೇಳ್ಬೇಕಿತ್ತು’ ಅಂತಾನೆ. ನಾನು ಒಬ್ಬನೇ ಇರಲೇ ಇಲ್ಲ! ಸಂಜೆ ರಂಜಿತಾಗೆ ಹೇಳಿ ರೂಮೂ ಬದಲಾಯಿಸ್ಕೊಂಡೆ.

ಯಾಕೆ ಅಂದ್ರೆ? ಅವನು ನಸುಕಿಗೇ ಎದ್ದು ಪೂಜೆಗೆ ಕೂರ್ತಾನೆ. ಸೈಗಾನ್‌ನಲ್ಲಿ ಒಂದೇ ರೂಮಲ್ಲಿದ್ದು ನೋಡಿದ್ನಲ್ಲ. ‘ಮೇಷ್ಟ್ರೇ, ನಿಮ್ದೂ ಆಗ್ಬುಡ್ಲಿ’ ಅಂತ ಎಬ್ಬಿಸ್ತಾನೆ. ನನ್ನ ಪೂಜೆ ವಿಚಾರಿಸೋಕೆ ಅವನ್ಯಾರು? ನಾನು ಮನಸ್ಸಲ್ಲೇ ಮಾಡ್ಕೋತೀನಿ. ಮನಸ್ಸಲ್ಲಿ ಮಾಡೋದೇ ದೊಡ್ಡದು. ಇದನ್ನ ನಾನು ಕಾಲೇಜಲ್ಲಿ ಪಾಠ ಮಾಡಿದ್ದೀನಿ ಕಣೇ… ಹಾಂ, ಹಿಸ್ಟರೀಲೇ.

ಅಲ್ಲ, ಬೆಳಿಗ್ಗೆ ನಾನು ಮಲಗಿದ್ದಾಗ ಗೇಟು ಕಿರ್ ಅಂತು. ಯಾರೋ ಮೆಲ್ಲಗೆ ಮಾತಾಡಿದ ಹಾಗಿತ್ತು. ಹಾಲಿನವನಾ? …ಯಾರಾದ್ರೂ ಆಗ್ಲಿ ಬಿಡು.

ಕೇಳು, ಮೀ ಸೋನ್ ಕತೆ ಕೇಳು. ಅದು ಮಾತ್ರ ಜಾಗ! ನಾನು ಹೋಗಿದ್ದೇ ಅದಕ್ಕೆ. ಕಾಡಿನ ಮಧ್ಯೆ ಕೆಂಪು ಇಟ್ಟಿಗೆಯ ಗುಡಿಗಳು. ಸಾವಿರ ವರ್ಷಕ್ಕೂ ಹಿಂದಿನವು. ಶಿವನ ಗುಡಿ ಕಣೇ, ಅಲ್ಲಿ, ಆ ದೇಶದಲ್ಲಿ! ಯುದ್ಧದಲ್ಲಿ ಬಾಂಬು ಹಾಕಿ ಅರ್ಧಕ್ಕರ್ಧ ಬೀಳಿಸಿದ್ದಾರೆ. ಗುಡಿ ಬಿದ್ದುಹೋಗಿದೆ, ಲಿಂಗ ಮಾತ್ರ ಬಯಲಲ್ಲಿ ನಿಂತಿದೆ. ಮಳೆ, ಬಿಸಿಲು, ಪಾಚಿ… ಆ ಗೈಡ್ ಹುಡುಗ ‘ಇದೊಂದು ಕಂಬ’ ಅಂದ! ನನಗೆ ರಕ್ತ ಕುದೀತು. ‘ಸರಿಯಪ್ಪಾ ಪಕ್ಕಕ್ಕೆ’ ಅಂದವನೇ ನಾನೇ ಶುರು ಮಾಡ್ದೆ. ಚಂಪಾ ರಾಜರು, ಭದ್ರವರ್ಮ, ಅವನು ಲಿಂಗಕ್ಕೆ ತನ್ನ ಹೆಸರೇ ಇಟ್ಟದ್ದು… ಯಾರೋ ಬಿಳಿಯರೂ ಬಂದು ನಿಂತ್ಕೊಂಡು ಕೇಳಿದ್ರು. ಕ್ಲಾಸು! ರಿಟೈರಾದ ಮೇಲೆ ಅಂಥ ಕ್ಲಾಸು ಮಾಡಿರ್ಲಿಲ್ಲ.

ನಡುವೆ ತಿರುಗಿ ನೋಡ್ತೀನಿ, ಸಣ್ಣಸ್ವಾಮಿ ಇಲ್ಲ! ಆಚೆ ಮರದ ಕೆಳಗೆ, ನಮಗೆ ಬೆನ್ನು ಹಾಕಿ, ಟವೆಲ್ ಹಾಸ್ಕೊಂಡು ಕೂತಿದ್ದಾನೆ. ಪೂಜೆ! ಅದೇ ಒಣಗಿದ ಪತ್ರೆ, ಬಾಟಲಿ ನೀರು. ಅದೂ ಹೇಗೆ ಅಂತೀಯ? ಒಂದು ಸಲ ನೀರು ಬಿಟ್ಟ, ಪತ್ರೆ ಇಟ್ಟ, ಕಣ್ಣು ಮುಚ್ಚಿದ. ಮುಗೀತು ಅಂದ್ಕೊಂಡೆ. ಮತ್ತೆ ಮೊದಲಿಂದ! ಮತ್ತೆ ನೀರು, ಮತ್ತೊಂದು ಪತ್ರೆ, ಮತ್ತೆ ವಿಭೂತಿ. ಎಲ್ಲಾ ಎರಡೆರಡು ಸಲ! ಮರುದಿನ ಹೋಟೆಲ್‌ನಲ್ಲಿ ಅವನ ರೂಮಿನ ಬಾಗಿಲು ತೆರೆದಿತ್ತು, ಅಲ್ಲೂ ಬೆನ್ನು ಹಾಕ್ಕೊಂಡು ಎರಡೆರಡು ಸಲ! ನಾಟಕ ಅಲ್ದೆ ಇನ್ನೇನು? ಶಿವನಿಗೆ ಒಂದು ಪತ್ರೆ ಸಾಲದಾ? ಪರದೇಶದಲ್ಲಿ ಭಕ್ತಿ ಡಬಲ್ ಆಗುತ್ತಾ?

…ಯಾಕೆ ಕಣ್ಣು ಒರೆಸ್ಕೋತೀಯ? ಹೊಗೆಯಾ? ಒಲೆ ಆರಿಸಿ ಬಾ ಹೋಗು.

ನಿಂತೇ ಇದ್ದೀಯಲ್ಲ. ಸರಿ. ಆ ಮರದ ಕೆಳಗೆ ಅವನು ಕೈ ಮಾಡಿ ಕರೆದ, ‘ಬನ್ನಿ ಮೇಷ್ಟ್ರೇ, ನೀವೂ ಕುಂತ್ಕಳಿ’ ಅಂತ. ಎಲ್ಲರ ಎದುರು! ‘ನನ್ನದು ಬೆಳಿಗ್ಗೆ ರೂಮಲ್ಲೇ ಆಯ್ತಯ್ಯಾ’ ಅಂದೆ. ಗಟ್ಟಿಯಾಗೇ ಅಂದೆ. ಆಗ ಅವನು ನನ್ನ ನೋಡಿದ… ಹೇಗೆ ನೋಡಿದ ಅಂತ ಹೇಳೋಕೆ ಬರಲ್ಲ. ‘ಆಯ್ತಾ? ಸರಿ ಬುಡಿ’ ಅಂದು ತಲೆ ತಗ್ಗಿಸಿದ. ಆಮೇಲೆ ನನ್ನ ಹಿಂದೆ ಬರಲೇ ಇಲ್ಲ. ಒಂದ್ ಮಾತೂ ಇಲ್ಲ, ಒಂದ್ ನಿಮ್ಸವೂ ಇಲ್ಲ. ಪೀಡೆ ತೊಲಗ್ತು! ಕೊನೇ ದಿನ ಬುಟ್ಟಿಯಂಥ ದೋಣೀಲಿ ಕೂರಿಸಿ ಗಿರಗಿರ ತಿರುಗಿಸಿದ್ರು. ಎಲ್ಲರೂ ಕೇಕೆ ಹಾಕಿದ್ರು, ನಾನೂ ಹಾಕಿದೆ. ತಲೆ ತಿರುಗಿತು. ಕಣ್ಣಲ್ಲಿ ನೀರು ಬಂತು… ತಲೆ ತಿರುಗಿದ್ದಕ್ಕೆ ಕಣೇ. ಇನ್ನು ಯಾತಕ್ಕೆ?

ಒಟ್ಟಿನಲ್ಲಿ ಚೆನ್ನಾಗಿತ್ತು. ಭಾರಿ ಚೆನ್ನಾಗಿತ್ತು.

ಕೂತ್ಕೋತೀನಿ ಮಾರಾಯ್ತಿ, ಕೂತ್ಕೋತೀನಿ. ಕೊರಳು ಯಾಕೆ ನೋಡ್ತೀಯ? ಅದು… ಸೂಟ್‌ಕೇಸಲ್ಲಿದೆ. ಬಟ್ಟೆ ಮಧ್ಯೆ ಭದ್ರವಾಗಿ ಇಟ್ಟಿದ್ದೀನಿ. ಮತ್ತೆ ಆ ಕುಯ್ಯ್ ಅನ್ನಿಸ್ಕೊಳ್ಳೋದ್ಯಾಕೆ ಅಂತ. ಇರು, ತರ್ತೀನಿ. ನೀನು ಒಳಗೆ ಹೋಗಿ ರೊಟ್ಟಿ ಬಿಸಿ ಮಾಡು, ನಾನು ಅಷ್ಟರಲ್ಲಿ…

ಹೊರಗೆ ಏನು ನೋಡ್ತಿದ್ದೀಯ?

ತಂತಿ ಮೇಲೆ… ಅದು ನನ್ನ ನೀಲಿ ಶರ್ಟು ಅಲ್ವಾ? ಅದು ಪ್ಯಾಂಟು. ಎಲ್ಲಾ ಒಗೆದು ಹಾಕಿದ್ದೀಯಾ? ಯಾವಾಗ? …ಸೂಟ್‌ಕೇಸು ಕಣದ ಮೂಲೇಲಿ ಬಾಯಿ ತೆರೆದು ಬಿಸಿಲಿಗೆ ಬಿದ್ದಿದೆ. ಖಾಲಿ.

ಹಾಗಾದ್ರೆ ಕೈಚೀಲದಲ್ಲಿ… ಅದೂ ಅಲ್ಲೇ ಪಕ್ಕದಲ್ಲಿದೆ. ಒಳಗಿನದೆಲ್ಲ ಹೊರಗೆ ತೆಗೆದಿದ್ದೀಯ.

ವಿಶಾಲೂ, ಒಂದು ಮಾತಾಡೇ. ಬೈಯಿ. ಅಷ್ಟೊಂದು ಓದಿ ಏನು ಬಂತು ಅನ್ನು. ಟ್ರೇಯಲ್ಲಿಟ್ಟದ್ದು ನೆನಪಿದೆ, ಬೆಲ್ಟು ನೆನಪಿದೆ, ವಾಚು ನೆನಪಿದೆ, ಅವನ ವಿಡಿಯೋ… ಅಪ್ಪ ತೊಡೆ ಮೇಲೆ ಕೂರಿಸ್ಕೊಂಡು ಕಟ್ಟಿಸಿದ್ದು ಕಣೇ ಅದು. ಅವತ್ತಿಂದ ಒಂದು ದಿನ ಬಿಟ್ಟವನಲ್ಲ. ವಿಮಾನ ಮೇಲೆ ಹೋದಾಗ ಎದೆ ಮೇಲೆ ಕೈ ಇಟ್ಟೆ, ಬರಿದು. ಯಾರಿಗೆ ಹೇಳಲಿ? ಯಾರ ಎದುರು ಹೇಳಲಿ? ಅವನನ್ನ ನೋಡಿ ಅಷ್ಟು ನಕ್ಕು, ಎಲ್ಲರನ್ನೂ ನಗಿಸಿ…

ಆ ತಟ್ಟೆ ಯಾಕೆ ಇಲ್ಲಿಗೆ ತರ್ತೀಯ? ಪೂಜೆ ಯಾತಕ್ಕೆ ಮಾಡಲಿ ಈಗ? ಬಟ್ಟೆ ತೆಗೀಬೇಡ, ನನ್ನ ಕೈಲಿ ಆ ಪತ್ರೆ ನೋಡೋಕೆ…

…

ಈ ಕರಡಿಗೆ.

ಮಾವ ಕೊಟ್ಟದ್ದು. ದಾರವೂ ಅದೇ. ಹೊರಡೋ ಹಿಂದಿನ ದಿನ ನೀನೇ ಹೊಸೆದು ಕಟ್ಟಿದ್ದು… ಒಳಗೆ ಲಿಂಗ ಇದೆ. ಮೇಲೆ ಒಣಗಿದ ಬಿಲ್ವದ ಎಲೆ ಅಂಟಿಕೊಂಡಿದೆ. ಇದು ನಮ್ಮ ಹಿತ್ತಿಲ ಪತ್ರೆ ಅಲ್ಲ.

ಗೇಟಿನ ಹತ್ರ ಬಂದದ್ದು ಹಾಲಿನವನಲ್ಲ, ಅಲ್ವಾ?

ಎರಡೆರಡು ಸಲ… ಒಂದು ಅವನದು, ಇನ್ನೊಂದು… ಅಯ್ಯೋ ಶಿವನೇ.

ನನ್ನ ಎಬ್ಬಿಸೋದಲ್ವೇನೇ? ಬೇಡ ಅಂದ್ರಾ? ಏನಂದ್ರು? ಹೇಳೇ… ಅಷ್ಟು ದೂರದಿಂದ ಬೆಳಿಗ್ಗೆ ಬೆಳಿಗ್ಗೆ ಬಂದಿದ್ದಾರೆ. ಸಣ್ಣಸ್ವಾಮಿಯವರು ತಿಂಡಿ ತಿಂದುಕೊಂಡು ಹೋದರಾ?